ಕಂಬಳಿ ಹೊದ್ದ ಎಮ್ಮೆಯ ಫೋಟೋ

ಎಲ್ಲರೂ ಆರಾಮವೇ? ನನಗೆ ಮಾತ್ರ ಇವತ್ತು ಕುಂತಲ್ಲಿ ಕೂರಲಾಗುತ್ತಿಲ್ಲ.

ತಮ್ಮನ ಮಗಳು ಸುಮಾ ರಾಣೇಬೆನ್ನೂರಿನಲ್ಲಿ, ಹೆಣ್ಣುಮಕ್ಕಳಿಗೆ ಸಣ್ಣ ಸಾಲ ಕೊಡುವ ಸಂಸ್ಥೆಯೊಂದರಲ್ಲಿ ಇಂಟರ್ನ್ ಆಗಿ ಕೆಲಸ ಕಲಿಯುತ್ತಿದ್ದಾಳೆ. ಬೆಳಿಗ್ಗೆ ಅವಳನ್ನು ಸ್ಕೂಟರಿನಲ್ಲಿ ಮೇಡ್ಲೇರಿಗೆ ಕರೆದೊಯ್ದೆ. ಸಂಸ್ಥೆಯ ಸಾಲದಲ್ಲಿ ಎಮ್ಮೆ ಕೊಂಡ ಅಲ್ಲಿನ ಗಂಗವ್ವ ಈಗ ಕೊಟ್ಟಿಗೆ ಕಟ್ಟಲು ಮತ್ತೆ ಸಾಲ ಕೇಳಿದ್ದಾಳೆ. ಅದಕ್ಕೆ ಎಮ್ಮೆಯ ಫೋಟೋ ಬೇಕು.

"ಈಗಷ್ಟ ಈದ ಎಮ್ಮಿ ಐತಿ ತಂಗೀ, ದೃಷ್ಟಿ ಆಕೈತಿ. ಫೋಟೋ ಒಲ್ಲೆ" ಎಂದಳು ಗಂಗವ್ವ.

"ಫೋಟೋ ಇಲ್ಲಂದ್ರ ಸಾಲ ಸಿಗಂಗಿಲ್ರೀ ಅಕ್ಕಾರ" ಎಂದಳು ಸುಮಾ.

"ಸಾಲ ಹೋದ್ರ ಹೋಗ್ಲಿ. ಹಾಲು ಬತ್ತಿದ್ರ ನಿಮ್ಮ ಆಫೀಸಿನವ್ರು ಹಿಂಡಿ ಕೊಡ್ತಾರೇನ?"

ಕೊನೆಗೆ ಎಮ್ಮೆಗೆ ಕಂಬಳಿ ಹೊದಿಸಿ, ಕೋಡು, ಬಾಲ ಮಾತ್ರ ಕಾಣುವಂತೆ ನಿಲ್ಲಿಸಿದಳು. ಸುಮಾ ಫೋಟೋ ತೆಗೆದಳು. ಕಂಬಳಿ ಸರಿಸಿದಾಗ ನನ್ನ ಬಾಯಿ ಸುಮ್ಮನಿರಲಿಲ್ಲ. "ಅಬ್ಬಬ್ಬಾ, ಕೆಚ್ಚಲ ಎಷ್ಟ ತುಂಬೈತಿ!"

ಗಂಗವ್ವನ ಮುಖ ಕಪ್ಪಿಟ್ಟಿತು. "ಕಾಕಾರ, ಲಗೂ ಥೂ ಅಂತ ಉಗುಳ್ರಿ!"

ಉಗುಳಿದೆ.

ಫೋಟೋ ನೋಡಿ ಆಫೀಸಿನವರು ಒಪ್ಪಿದರಂತೆ. ನಾನು ಮಾತ್ರ, ಸಂಜೆ ಎಮ್ಮೆ ಎಷ್ಟು ಹಾಲು ಕೊಟ್ಟಿತೆಂದು ಗಂಗವ್ವನಿಗೆ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದೇನೆ. ಅಳತೆ ಹೇಳಿದರೂ ದೃಷ್ಟಿಯಾಗುತ್ತದಂತೆ, ಹೇಳುತ್ತಿಲ್ಲ.