ಎಡೆಗಿಟ್ಟ ಬೀಡಿ

ಮಹಾಲಯ ಅಮಾವಾಸ್ಯೆಯ ದಿನ ಬಬ್ಬೂರಿನ ಮನೆಯಲ್ಲಿ ಅವ್ವ ಅಪ್ಪನ ಫೋಟೋಗೆ ಚೆಂಡು ಹೂವಿನ ಹಾರ ಹಾಕುತ್ತಿದ್ದಳು. ಮೆಕ್ಸಿಕೋದಲ್ಲೂ ಇಂಥದೇ ಹಬ್ಬವಿದೆ, ಹೂವೂ ಇದೇ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಡುತ್ತಾರೆ ಎಂದು ಹೇಳಿದೆ.

“ಎಡೆ ಇಟ್ಟು ಬಾಗ್ಲು ಮುಚ್ತಾರಾ?”

“ಇಲ್ಲ, ಜೊತೇಲೇ ಕುಂತಿರ್ತಾರೆ.”

“ಅಯ್ಯೋ ಪಾಪ. ಎಲ್ರೂ ನೋಡ್ತಾ ಕುಂತ್ರೆ ಅವ್ರು ಹೆಂಗೆ ಉಣ್ಬೇಕು?”

ನಂಬಿಕೆಯಿಲ್ಲವೆಂದು ಪ್ರತಿ ವರ್ಷ ದೂರ ನಿಲ್ಲುತ್ತಿದ್ದ ನಾನು ಈ ಸಲ ಮುದ್ದೆ, ಮಟನ್ ಸಾರು, ವಡೆಯ ಪಕ್ಕ ಒಂದು ಕಟ್ಟು ಬೀಡಿ ಇಟ್ಟೆ. ಅಪ್ಪ ಹೋದಾಗ ನನಗೆ ಐದು ವರ್ಷ. ಅವನ ನೆನಪು ಅಂತ ಇರುವುದು ಒಂದೇ: ಹೆಗಲ ಮೇಲೆ ಕೂತು ಮಾರಿಕಣಿವೆ ಡ್ಯಾಮಿನ ನೀರು ನೋಡಿದ್ದು, ಕೆಳಗಿನಿಂದ ಬರುತ್ತಿದ್ದ ಬೀಡಿ ಹೊಗೆ.

ಬಾಗಿಲು ಎಳೆದುಕೊಂಡು ಹೊರಗೆ ಬಂದೆವು. ಹಿರಿಯರು ಉಂಡು ಏಳುವ ತನಕ ತೆಗೆಯುವಂತಿಲ್ಲ.

“ಬೀಡಿ ಯಾಕಿಟ್ಟೆ?” ಅಂದಳು ಅವ್ವ. “ನಿಮ್ಮಪ್ಪ ಒಂದಿನಾನೂ ಮುಟ್ದೋರಲ್ಲ. ಸೇದೋರು ನಿಮ್ ದೊಡ್ಡಪ್ಪ.”

ಜಗಲಿಯಲ್ಲಿ ಕೂತಿದ್ದ ದೊಡ್ಡಪ್ಪ ದಡಬಡಿಸಿ ಎದ್ದರು. “ಲೇ, ನಾನಿನ್ನೂ ಬದುಕಿದೀನಲ್ಲೋ! ನನ್ ಬೀಡಿ ಎಡೆಗಿಟ್ರೆ, ಹಿರೇರು ನನ್ನೂ ನಡಿ ಹೋಗಾಣ ಅಂತ ಕರ್ಕಂಡ್ ಹೋಗ್ತಾರೆ. ತೆಗಿ ಹೋಗು!”

“ಉಣ್ಣೋವಾಗ ಬಾಗ್ಲು ತೆಗೀಬಾರ್ದು,” ಅಂದಳು ಅವ್ವ.

ಎಂ.ಎ. ಓದಿದ್ದೇನೆ. ಒಳಗೆ ಯಾರೂ ಇಲ್ಲವೆಂದು ಗೊತ್ತು. ಆದರೂ ಅಪ್ಪ ಅರ್ಧ ಊಟಕ್ಕೇ ಎದ್ದುಬಿಟ್ಟರೆ ಎಂದು ಚಿಲಕದಿಂದ ಕೈ ತೆಗೆದೆ. ದೊಡ್ಡಪ್ಪ ಬಾಗಿಲ ಸಂದಿಗೆ ಬಾಯಿಟ್ಟು ಕೂಗಿದರು: “ತಮ್ಮಾ, ಬಿರ್ರನೆ ಉಣ್ಣಪ್ಪ!”

ಅವರನ್ನು ಕೇಳಿದೆ, “ದೊಡ್ಡಪ್ಪ, ಮಾರಿಕಣಿವೇಲಿ ನನ್ನ ಹೊತ್ಕಂಡಿದ್ದೋನು ನೀನಾ?”

“ನಿಮ್ಮಪ್ಪನೇ ಹೊತ್ತಿದ್ದ. ನಾನು ಪಕ್ಕದಾಗೆ ಸೇದ್ಕಂಡು ಬರ್ತಿದ್ದೆ. ಹೆಗಲು ಅವಂದು, ಹೊಗೆ ನಂದು. ಈಗಾದ್ರೂ ತೆಗೀತೀಯಾ?”

ಅದು ನಿಜವೋ, ಬಾಗಿಲು ತೆಗೆಸಲು ಆಗಲೇ ಹೊಸೆದದ್ದೋ? ಅವ್ವನನ್ನು ನೋಡಿದೆ. “ನಾನೇನು ಜೊತೆಗ್ ಬಂದಿದ್ನಾ?” ಅಂದಳು.

ಒಳಗೆ ಉಣ್ಣುವವರಿಗೆ ಗೊತ್ತಾಗಲೆಂದು ಮೂರು ಸಲ ಕೆಮ್ಮಿ ಬಾಗಿಲು ತೆಗೆದೆ, ಕಟ್ಟು ಎತ್ತಿಕೊಂಡು ಬಂದೆ. ದೊಡ್ಡಪ್ಪ ಅದನ್ನು ಮುಟ್ಟಲಿಲ್ಲ. ತಮ್ಮ ಜೇಬಿನಿಂದಲೇ ಒಂದು ತೆಗೆದು ಹಚ್ಚಿದರು. ಹೊಗೆ ಮೂಗಿಗೆ ಬಂತು. ಕಣ್ಣು ಮುಚ್ಚಿ ಹೆಗಲನ್ನು ನೆನೆದೆ, ಆ ಹೆಗಲಿನವನ ಮುಖ ಕಾಣಲಿ ಎಂದು ಕಾದೆ. ಕಂಡದ್ದು ಫೋಟೋದಲ್ಲಿರುವ ಮುಖ, ಅದೂ ಹಾರದ ಸಮೇತ.