ಜರಿ ಅಂಚಿನ ಪಂಚೆ

ಬಸವಂತಪ್ಪನ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ನಮ್ಮ ಯಜಮಾನರ ವರ್ಷಾಂತಿಕ ಮುಗಿದ ಮರುದಿನ. ಅವರ ಕಪಾಟಿನ ಬಟ್ಟೆಗಳನ್ನು ಹೊರಗೆ ತೆಗೆದು ಕೂತಿದ್ದೆ. ತರಕಾರಿ ಹಿಡಿದುಕೊಂಡು ಬಂದ ಸೊಸೆ ಶೈಲಾ ಚಪ್ಪಲಿ ಬಿಡುವ ಮೊದಲೇ ಹೇಳಿದಳು:

"ಅತ್ತೆ, ಕೆಳಗೆ ಕಾರು ತಿಕ್ಕುವ ಬಸವಂತಪ್ಪ ಅಂತ ಒಬ್ಬ ಇದ್ದಾನೆ. ಅವನಿಗೆ ಮಾವನ ಹಳೇ ಪಂಚೆ ಬೇಕಂತೆ."

"ಉಡ್ಲಿಕ್ಕಾ?"

"ಅಲ್ಲ. ಮೂರನೇ ಮಾಳಿಗೆ ಹಿತೇಶ್ ಭಾಯಿಯ ಗಾಡಿ ಒರೆಸ್ಲಿಕ್ಕೆ."

ನನಗೆ ಮೈಯೆಲ್ಲ ಉರಿಯಿತು. ಗ್ರಾಂಟ್ ರೋಡಿನ ಹೋಟೆಲಿನ ಗಲ್ಲೆಯಲ್ಲಿ ಹಣ ಎಣಿಸುತ್ತ ಕೂತು ಬಾಳು ಸವೆಸಿದವರು ಅವರು. ಪಂಚೆಗೆ ಒಂದು ತೊಟ್ಟು ಸಾಂಬಾರು ತಾಗಿದರೆ ಊಟ ಬಿಟ್ಟು ಏಳುವ ಮನುಷ್ಯ. ಬೈದು ಬರೋಣವೆಂದು ಮಂಡಿನೋವನ್ನೂ ಮರೆತು ಕೆಳಗಿಳಿದೆ.

ಬಿಲ್ಡಿಂಗಿನ ಹಿಂದೆ, ನೆರಳಿನಲ್ಲಿ, ಒಬ್ಬ ತೆಳ್ಳಗಿನ ಮನುಷ್ಯ ಕುಕ್ಕರುಗಾಲಿನಲ್ಲಿ ಕೂತು ಕಪ್ಪು ಕಾರಿನ ಬಾಗಿಲನ್ನು ಉಜ್ಜುತ್ತಿದ್ದ. ಮಶೀನು ಇಲ್ಲ. ಮೇಣದ ಡಬ್ಬಿ, ಬಟ್ಟೆಯ ತುಂಡು, ಅವನ ಬಲಗೈ, ಅಷ್ಟೇ.

"ಎಂತ ಮಾರಾಯ, ಸತ್ತವರ ಬಟ್ಟೆಯೇ ಬೇಕಾ ನಿನಗೆ?"

ಅವನು ಎದ್ದು ನಿಂತ. "ತಪ್ಪು ತಿಳ್ಕೋಬ್ಯಾಡ್ರಿ ಅಮ್ಮಾರ. ಹೊಸಾ ಅರಬಿ-ಬಟ್ಟಿ ಗಾಡಿಗಿ ಗೆರಿ ಹಾಕತೈತಿ. ಒಗದು ಒಗದು ಮೆತ್ತಗಾದ ಧೋತರದಂಥಾದ್ದು ಯಾವ ಅಂಗಡ್ಯಾಗೂ ಸಿಗೂದಿಲ್ಲ. ಯಜಮಾನ್ರ ಧೋತರದ ಮ್ಯಾಲ ನಾ ಭಾಳ ದಿನದಿಂದ ಕಣ್ಣಿಟ್ಟಿದ್ನಿ."

"ಓ, ಅವರು ಸಾಯ್ಲಿ ಅಂತ ಕಾಯ್ತಾ ಇದ್ಯಾ?"

"ಅಯ್ಯ ಶಿವನ! ಧೋತರ ಹರೀಲಿ ಅಂತ ಕಾಯ್ತಿದ್ನಿರಿ!"

ಅವರು ಹೋದ ಮೇಲೆ ನಾನು ಮೊದಲ ಸಲ ನಕ್ಕದ್ದು ಆಗ.

ಒಂದು ಪಂಚೆ ತಂದುಕೊಟ್ಟೆ. ಅವನು ಹೆಬ್ಬೆರಳಿನಿಂದ ತಡವಿ, ಎರಡೂ ಬದಿಯ ಜರಿ ಅಂಚನ್ನು ಮೊದಲು ಹರಿದು ತೆಗೆದ. ಅವನ ಮಾತಿನಲ್ಲಿ ಅದು 'ದಡಿ'. ಸುರುಳಿ ಸುತ್ತಿ ನನ್ನ ಕೈಗೇ ಇಟ್ಟ.

"ಜರಿ ಒಂದು ಎಳಿ ಉಳದ್ರೂ ಗಾಡಿ ಗೀರತೈತ್ರಿ. ಇದು ನಿಮ್ಮದು, ನಿಮ್ಮ ಹಂತೇಕ ಇರಲಿ."

ಅಲ್ಲಿಂದ ಮುಂದೆ ಪಂಚೆ ಕೊಟ್ಟಾಗಲೆಲ್ಲ ಆ ಸಂಜೆಗೆ ಅಂಚು ಮೇಲೆ ಬರುತ್ತಿತ್ತು. ಶೈಲಾ ನಗುತ್ತಿದ್ದಳು. ನಾನು ಅವನ್ನು ತುಳಸಿಕುಂಡಕ್ಕೆ ಕಟ್ಟಿದೆ, ಹಾಸಿಗೆ ಸುತ್ತಿ ಕಟ್ಟಿದೆ, ಉಳಿದದ್ದನ್ನು ದಿಂಬಿನ ಕೆಳಗೆ ಇಟ್ಟುಕೊಂಡೆ.

ಅವನು ಸಿಂದಗಿ ಕಡೆಯವನು. ರಸ್ತೆ ಅಗೆಯುವವರ ಜೊತೆ ಚೆಂಬೂರಿಗೆ ಬಂದು, ಗ್ಯಾರೇಜಿನಲ್ಲಿ ಈ ಕೆಲಸ ಕಲಿತು ಇಲ್ಲೇ ಉಳಿದವನು. ಮಾನಖುರ್ದಿನಲ್ಲಿ ಒಂದು ಖೋಲಿ. ಹೆಂಡತಿ ಸುಂದ್ರವ್ವ ನಾಲ್ಕಾರು ಮನೆಯ ಪಾತ್ರೆ ತಿಕ್ಕುತ್ತಿದ್ದಳು. "ಇಬ್ಬರದೂ ತಿಕ್ಕೂದ ಹಣೇಬರಾರಿ," ಅನ್ನುತ್ತಿದ್ದ. ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ತಟ್ಟೆಯಗಲದ ಜಾಗಕ್ಕೆ ತೆಳ್ಳಗೆ ಮೇಣ ಹಚ್ಚುವುದು, ಅದು ಒಣಗಿ ವಿಭೂತಿಯ ಹಾಗೆ ಬಿಳಿಚುವ ತನಕ ಕಾಯುವುದು, ಬೇರೆ ಬಟ್ಟೆಯಿಂದ ತೆಗೆಯುವುದು. ಕೊನೆಗೆ ಕಣ್ಣು ಮುಚ್ಚಿ ಬೆರಳ ತುದಿ ಆಡಿಸುತ್ತಿದ್ದ. ಕಣ್ಣು ಯಾಕೆ ಮುಚ್ಚುತ್ತಿ ಎಂದರೆ, "ಕಣ್ಣಿಗಿ ಎಲ್ಲಾನೂ ಹೊಳಿತೈತ್ರಿ. ಬೆರಳಿಗೇ ಗೊತ್ತಾಗೂದು," ಎಂದ.

ಒಂದು ಮಳೆಗಾಲದಲ್ಲಿ ನಾನು ಕೊಟ್ಟ ಚಹಾದ ಗ್ಲಾಸು ಅವನ ಕೈಯಿಂದ ಜಾರಿ ಒಡೆಯಿತು. ಬೆರಳಿಗೆ ಜೋಮು ಎಂದ. ಆ ಜೋಮು ಬಿಡಲಿಲ್ಲ. ಕತ್ತಿನಲ್ಲಿ ನರ ಒತ್ತಿದೆ, ತಿಕ್ಕುವುದು ನಿಲ್ಲಿಸಬೇಕು ಎಂದರಂತೆ ಡಾಕ್ಟರರು.

"ನಿಲ್ಲಿಸು ಮತ್ತೆ," ಎಂದೆ.

"ನಿಲ್ಲಿಸಿ ಏನ್ ಮಾಡ್ಲಿ ಅಮ್ಮಾರ? ಈ ಕೈಗಿ ಇದೊಂದ ಬರತೈತಿ."

ದಸರೆಯ ಹಿಂದಿನ ದಿನ ಎಲ್ಲರಿಗೂ ಗಾಡಿ ಮಿಂಚಬೇಕು. ಬೆಳಿಗ್ಗೆ ಪಂಚೆ ಕೊಟ್ಟೆ. ಸಂಜೆ ಒಂದೇ ಅಂಚು ಬಂತು. ಗಡಿಬಿಡಿಯಲ್ಲಿ ಇನ್ನೊಂದನ್ನು ಮರೆತಿರಬೇಕು, ನಾಳೆ ತಂದಾನು ಎಂದುಕೊಂಡೆ.

ಮರುದಿನ ನಾನು ಕೆಳಗಿಳಿದಾಗ ಹಿತೇಶ್ ಚೆಂಡುಹೂವಿನ ಮಾಲೆ ಹಿಡಿದು ಕಾರಿನ ಮುಂದೆ ನಿಂತಿದ್ದ. ಕಪ್ಪು ಬಾನೆಟ್ಟಿನ ತುಂಬ ಕೂದಲೆಳೆಯಂಥ ಸುತ್ತು ಸುತ್ತು ಗೀರು. ಬಸವಂತಪ್ಪ ತನ್ನ ಬಟ್ಟೆಯ ಮಡಿಕೆ ಬಿಚ್ಚಿದ. ಒಳಗೆ ಇನ್ನೊಂದು ಬದಿಯ ಜರಿ ಅಂಚು ಹಾಗೆಯೇ ಇತ್ತು. ಹರಿದಿದ್ದೇನೆ ಎಂದು ತಿಳಿದು ದಿನವಿಡೀ ಅದರಿಂದಲೇ ಉಜ್ಜಿದ್ದ. ಅದನ್ನು ಬೆರಳಲ್ಲಿ ಹಿಡಿದು ಹೊರಳಿಸಿ ಹೊರಳಿಸಿ ನೋಡಿದ.

"ಅಮ್ಮಾರ, ಇದು ಕೈಗಿ ಹತ್ತಲೇ ಇಲ್ಲಲ್ರಿ."

ಹಿತೇಶ್ ಬಯ್ಯಲಿಲ್ಲ. "ರೆಹನೇ ದೋ ಕಾಕಾ, ಅಬ್ ಆಪ್ ಆರಾಮ್ ಕರೋ," ಎಂದು ವಿಶ್ರಾಂತಿ ತೆಗೆದುಕೊಳ್ಳಲು ಹೇಳಿದ. ಬೈದಿದ್ದರೆ ನಾಳೆ ಮತ್ತೆ ಕರೆಯುತ್ತಿದ್ದನೇನೋ. ಅವನ ಗಾಡಿ ಹೈವೇ ಬದಿಯ ಮಶೀನಿನ ಅಂಗಡಿಗೆ ಹೋಯಿತು. ಉಳಿದವರದ್ದೂ ಒಂದೊಂದಾಗಿ ಅಲ್ಲಿಗೇ ಹೋದವು. ಬಸವಂತಪ್ಪ ಕೆಲವು ದಿನ ಡಬ್ಬಿ ಹಿಡಿದು ಗೇಟಿನ ಹತ್ತಿರ ಕೂತ. ಆಮೇಲೆ ಕಾಣಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಬೆಲ್ಲು ಆಯಿತು. ಅವನೇ. ಬಲಗೈ ಹಿಂಡದ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಕೂರು ಎಂದರೂ ಕೂರಲಿಲ್ಲ.

"ಧೋತರ ಉಳದೈತೇನ್ರಿ ಅಮ್ಮಾರ?"

ಒಂದು ಉಳಿದಿತ್ತು, ಮಗನ ಮದುವೆಯಲ್ಲಿ ನಮ್ಮವರು ಉಟ್ಟದ್ದು. ಯಾರೋ ಮತ್ತೆ ಕೆಲಸಕ್ಕೆ ಕರೆದಿರಬೇಕೆಂದು ನನಗೆ ಸಂತೋಷವೇ ಆಯಿತು. ಅವನ ಬೆರಳಿಗೆ ಆಗದಲ್ಲ ಎಂದು ನಾನೇ ಅಂಚಿಗೆ ಕೈ ಹಾಕಿದೆ.

"ಬ್ಯಾಡ್ರಿ, ದಡಿ ಹರೀಬ್ಯಾಡ್ರಿ," ಎಂದ. "ಈ ಕೈ ಎತ್ತಿ ಕೊರಳಾಗ ಕಟ್ಟಬೇಕು. ಭಾಳ ಭಾರ ಐತಿ, ದಡಿ ಇದ್ರ ತಡೀತೈತಿ. ಸುಂದ್ರವ್ವ ಕೆಲಸಕ್ಕ ಹೋಗ್ಯಾಳ. ಒಂದ ಕೈಲೆ ಗಂಟು ಹಾಕಾಕ ಬರವಲ್ದು. ನೀವ ಕಟ್ರಿ ಅಮ್ಮಾರ."