ಶೇಖಮ್ಮತ್ತೆ ಎಣಿಸಿದ ಹೆಬ್ಬಾತುಗಳು

ನನ್ನ ಅಕ್ಷರ ದುಂಡಾಗಿಲ್ಲ, ಕ್ಷಮಿಸಬೇಕು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು, ಮಾತು ಎಲ್ಲಿಯಾದರೂ ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ. ಬರೆಯುತ್ತಿರುವುದು ನಮ್ಮ ಪಕ್ಕದ ಮನೆಯ ಶೇಖಮ್ಮತ್ತೆಯ ಬಗ್ಗೆ.

ಪಾಮನಕಲ್ಲೂರಿನ ಹೊಲಗಳಲ್ಲಿ ಜೋಳ ಹಾಲುಗಾಳು ಕಟ್ಟಿದರೆ ಹಕ್ಕಿ ಕಾಯಲು ಕರೆಯುವುದು ಅತ್ತೆಯನ್ನೇ. ಮೂವತ್ತು ವರ್ಷ ಹೊಲದ ನಡುವಿನ ಅಟ್ಟದ ಮೇಲೆ ನಿಂತು ಕವಣೆ ಬೀಸಿದ್ದಾಳೆ. ಓಡಿಸುತ್ತ ಓಡಿಸುತ್ತಲೇ ಹಕ್ಕಿಗಳ ಗುರುತು ಸಿಕ್ಕಿದೆ; ರೆಕ್ಕೆಯ ಸಪ್ಪಳ ಕೇಳಿಯೇ ಯಾವುದೆಂದು ಹೇಳುತ್ತಾಳೆ. ಈಗ ಜೋಳ ಬಿತ್ತುವವರು ಕಡಿಮೆಯಾಗಿದ್ದಾರೆ, ಹತ್ತಿ ತೊಗರಿಗೆ ಅವಳ ಕಾವಲು ಬೇಕಿಲ್ಲ. ಬಲಭುಜವೂ ಮೊದಲಿನಂತಿಲ್ಲ.

ಅರಣ್ಯ ಇಲಾಖೆಯ ಗಾರ್ಡ್ ಮರಿಸ್ವಾಮಿ ಒಂದು ಮಾತು ಹೇಳಿದ್ದರು. ಊರ ಹೊರಗಿನ ಕೆರೆಗೆ ಚಳಿಗಾಲದಲ್ಲಿ ಬರುವ, ತಲೆಯ ಮೇಲೆ ಎರಡು ಕಪ್ಪು ಪಟ್ಟೆಯ ಹೆಬ್ಬಾತುಗಳು ಮುನ್ನೂರು ದಾಟಿದರೆ ಅಲ್ಲಿ ಕಾವಲಿಗೆ ಒಬ್ಬರನ್ನು ಇಡುತ್ತಾರಂತೆ, ಅತ್ತೆಯ ಹೆಸರನ್ನು ತಾವೇ ಕೊಡುತ್ತಾರಂತೆ. ಎಣಿಕೆಗೆ ಕೊಟ್ಟದ್ದು ಒಂದೇ ದಿನ; ಎಣಿಸುವುದು ಅತ್ತೆ, ಬರೆಯುವುದು ನಾನು.

ಸಂಕ್ರಾಂತಿಯ ಮರುವಾರವಾದ ಇವತ್ತು, ಮಂಜು ಬಿಡುವ ಮೊದಲೇ ಹೊರಟೆವು. ಜಾಲಿ ಗಿಡಗಳ ನಡುವೆ ಮರಕುಟಿಗ ಎರಡು, ಮಿಂಚುಳ್ಳಿ ಒಂದು ಸಿಕ್ಕವು. ಬರೆದುಕೊಂಡೆ, ಆದರೆ ಸಮಾಧಾನವಿರಲಿಲ್ಲ. ಹೆಬ್ಬಾತುಗಳು ರಾತ್ರಿ ಕಡಲೆ ಹೊಲದಲ್ಲಿ ಮೇಯ್ದು ಬೆಳಿಗ್ಗೆ ಕೆರೆಗೆ ಮರಳುತ್ತವೆ. ಇವತ್ತು ಬಾರದಿದ್ದರೆ? ಎಂಟಾಯಿತು, ನೀರು ಖಾಲಿ. ಅತ್ತೆ ಎಲೆಯಡಿಕೆ ಹಾಕಿಕೊಂಡು ಕುಳಿತಳು. ನಾನು ಮೂರು ಸಲ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದೆ. ಆಮೇಲೆ ಸಾಲು ಸಾಲಾಗಿ ಬಂದು ಇಳಿದವು, ನೀರಿನ ಅಂಚೆಲ್ಲ ಬೂದಿಬಣ್ಣವಾಗುವಷ್ಟು.

ಅತ್ತೆ ಹತ್ತು ಹಕ್ಕಿಗೆ ಒಂದು ಹರಳನ್ನು ಉಡಿಗೆ ಹಾಕಿಕೊಂಡು ಎಣಿಸುತ್ತಾಳೆ. ಹದಿನಾಲ್ಕು ಹರಳಾಗಿದ್ದವು, ಅರ್ಧವೂ ಮುಗಿದಿರಲಿಲ್ಲ. ಆಗ ಕೆರೆಯಾಚೆ ಯಾರದೋ ಜೋಳಕ್ಕೆ ಗಿಳಿಗಳ ಹಿಂಡು ಎರಗಿತು. ಅತ್ತೆ ಎದ್ದವಳೇ, ಎಂದಿನಂತೆ ಸೊಂಟಕ್ಕೆ ಸಿಕ್ಕಿಸಿದ್ದ ಕವಣೆಗೆ ಉಡಿಯ ಹರಳೊಂದನ್ನು ಇಟ್ಟು, ಕೂಗು ಹಾಕಿ ಬೀಸಿಬಿಟ್ಟಳು. ಕೂಗು ಮುಗಿಯುವುದರೊಳಗೆ ಕೆರೆಯ ಹೆಬ್ಬಾತುಗಳೆಲ್ಲ ಎದ್ದು ಹೋದವು. ಅತ್ತೆ ತನ್ನ ಕೈಯನ್ನೇ ನೋಡುತ್ತ ನಿಂತಳು.

ಮರಿಸ್ವಾಮಿ ಹತ್ತಕ್ಕೆ ಬರುವವರಿದ್ದರು. ಹೋದ ವಾರ ನಾವು ನೋಡಿದಾಗ ನಾನೂರರಷ್ಟಿದ್ದವು. ಆ ಅಂಕಿಯನ್ನೇ ಬರೆಯಲೇ ಎಂದು ಮೆಲ್ಲಗೆ ಕೇಳಿದೆ.

“ನಾನೂರ ಅದಾವ ಅಂತ ನನಗೂ ಗೊತ್ತು, ನಿನಗೂ ಗೊತ್ತು. ಆದ್ರ ಎಣಿಸಿದ್ದಷ್ಟ ಬರಿಯವ್ವಾ. ನನ್ನ ಕಲ್ಲಿಗೆ ಹಾರಿದ್ವು ಅಂತನೂ ಬರಿ.”

ನೂರಾ ನಲವತ್ತು ಎಂದು ಬರೆದೆ. ಕೆಳಗೆ ಕಾರಣವನ್ನೂ ಬರೆದೆ.

ಮರಿಸ್ವಾಮಿ ಬಂದು ಓದಿ ನಕ್ಕರು. “ಶೇಖಮ್ಮಕ್ಕಾ, ಹಕ್ಕಿ ಕಾಯಾಕ ನಿನ್ನ ಇಡೂಣು ಅಂದ್ರ ನೀನ ಓಡಿಸಿಬಿಟ್ಟೀಯಲ್ಲ.”

ಅತ್ತೆ ನಗಲಿಲ್ಲ. ಅವರೂ ನಗು ನಿಲ್ಲಿಸಿದರು. ಇನ್ನೊಮ್ಮೆ ಎಣಿಸಲು ಬಿಡುವುದು ತಮ್ಮ ಇಲಾಖೆಯ ಸಾಹೇಬರ ಕೈಯಲ್ಲಿದೆ, ಅವರು ನಾಳೆ ಮಸ್ಕಿಗೆ ಬರುತ್ತಾರೆ, ಕಣ್ಣಾರೆ ಕಂಡವರೊಬ್ಬರು ಬಂದು ನಡೆದದ್ದನ್ನು ಹೇಳಬೇಕು ಎಂದರು.

ಇವತ್ತು ಅತ್ತೆಯ ಬದಲು, ಅವಳು ಈಗ ಕಾಯುತ್ತಿರುವ ಜೋಳದ ಹೊಲದವರೇ ಹಕ್ಕಿ ಕಾದಿದ್ದರು. ನಾಳೆ ಅವರು ಲಿಂಗಸುಗೂರಿಗೆ ಹೋಗುವವರು, ಅತ್ತೆ ಅಟ್ಟ ಬಿಟ್ಟು ಇಳಿಯುವಂತಿಲ್ಲ. ಗೊತ್ತಿಲ್ಲದವರ ಮುಂದೆ ಮಾತಾಡಿ ನನಗೆ ಅಭ್ಯಾಸವಿಲ್ಲ. ಹೇಳಬೇಕಾದದ್ದನ್ನು ಸಂಜೆಯಿಂದ ಗೋಡೆಗೆ ಹೇಳಿ ನೋಡುತ್ತಿದ್ದೇನೆ. ಎರಡು ಸಲ ನಡುವೆಯೇ ನಿಂತುಹೋಯಿತು. ನಾಳೆ ಏಳು ಗಂಟೆಯ ಬಸ್ಸಿಗೆ ನಾನು ಮಸ್ಕಿಗೆ ಹೋಗುತ್ತೇನೆ.